ಚಿಕ್ಕಮ್ಮನ ಬಲಗೈ

ಜನವರಿ 9

ಪುಟ್ಟಿ,

ನಿನ್ನ ಯಂತ್ರ ಬಂತು. ನಿನ್ನದು ಅಂತ ನಾನು ಹೇಳುತ್ತಿಲ್ಲ, ಇಲ್ಲಿನ ಆಸ್ಪತ್ರೆಯವರೆಲ್ಲ ಹಾಗೇ ಕರೆಯುತ್ತಿದ್ದಾರೆ. ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆದು ಒಳಗೆ ತಂದರು. ನನ್ನ ಹಳೇ ಸ್ಕ್ಯಾನರನ್ನು ಬಿಚ್ಚಿ ಲಾರಿಗೆ ಏರಿಸುವಾಗ, ಹದಿನಾಲ್ಕು ವರ್ಷ ಅದರ ಗುಂಡಿ ಒತ್ತಿದ ನನ್ನನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ. ಉದ್ಘಾಟನೆಯ ದಿನ ಸೂಪರಿಂಟೆಂಡೆಂಟರು ಮೈಕಿನಲ್ಲಿ, "ಈ ಅಧ್ಯಯನದ ಮುಖ್ಯ ಡಾಕ್ಟರು ಬೇರೆ ಯಾರೂ ಅಲ್ಲ, ನಮ್ಮ ಸ್ಕ್ಯಾನ್ ಮೇಡಂ ಅವರ ತಂಗಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಪ್ಪತ್ತಾರು ವರ್ಷ ಇದೇ ವಿಭಾಗದಲ್ಲಿ ದುಡಿದ ಮೇಲೆ ನನ್ನ ಗುರುತು ನಿನ್ನ ಅಕ್ಕ ಅಂತ. ನಾನೂ ತಟ್ಟಿದೆ, ಎಲ್ಲರೂ ನೋಡುತ್ತಿದ್ದರಲ್ಲ.

ಚಿಕ್ಕಮ್ಮನದಂತೂ ಕೇಳಲೇಬೇಡ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂರಿಸಿಕೊಂಡು ಬೆಳೆಸಿದವಳು ಅಂತ ಸುಮ್ಮನಿದ್ದೇನೆ. ಪತ್ರಿಕೆಯಲ್ಲಿ ಬಂದ ನಿನ್ನ ಫೋಟೋ ಕತ್ತರಿಸಿ ಅಂಗಡಿಯ ಗೋಡೆಗೆ ಹಾಕಿದ್ದಾಳೆ. ಅಳತೆ ಕೊಡಲು ಬಂದವರಿಗೆಲ್ಲ ನಿನ್ನ ಪುರಾಣ. ಟೇಪು ಸುತ್ತಿಸಿಕೊಂಡು ಎರಡೂ ಕೈ ಎತ್ತಿ ನಿಂತವರು ಎಲ್ಲಿಗೆ ಓಡಿಹೋಗುತ್ತಾರೆ ಪಾಪ, ಪೂರ್ತಿ ಕೇಳಲೇಬೇಕು. ಪ್ರತಿ ವರ್ಷ ನಿನಗೆ ಬಿಳಿ ಕೋಟು ಹೊಲಿದು ಕಳಿಸುತ್ತಾಳೆ. ನನ್ನದು ರೆಡಿಮೇಡ್. ಕೇಳಿದರೆ, "ನೀನು ಇಲ್ಲೇ ಇರ್ತೀಯಲ್ಲೇ ಸಿಡುಕಿ, ಯಾವಾಗ ಬೇಕಾದ್ರೂ ಹೊಲಿದ್ರಾಯ್ತು" ಅನ್ನುತ್ತಾಳೆ.

ಹೊಸ ಯಂತ್ರಕ್ಕೆ ಮೂರು ದಿನ ತರಬೇತಿ ಕೊಟ್ಟರು. ಇಷ್ಟು ದಿನ ದುಗ್ಧಗ್ರಂಥಿಯನ್ನು, ಅದೇ ಲಿಂಫ್ ನೋಡನ್ನು, ಅಳೆಯುತ್ತಿದ್ದೆವು: ಹತ್ತು ಮಿಲಿಮೀಟರ್ ದಾಟಿದರೆ ಕ್ಯಾನ್ಸರ್ ಅಲ್ಲಿಗೂ ಹರಡಿರಬಹುದು, ದಾಟದಿದ್ದರೆ ಬಿಡು. ಈಗ ಎರಡು ಬಗೆಯ ಎಕ್ಸ್-ರೇಯಲ್ಲಿ ಒಟ್ಟಿಗೇ ಚಿತ್ರ ತೆಗೆದು, ನರಕ್ಕೆ ಹಾಕಿದ ಔಷಧದ ಅಯೋಡಿನ್ನನ್ನು ಯಾವ ಗ್ರಂಥಿ ಎಷ್ಟು ಕುಡಿದಿದೆ ಅಂತ ಬಣ್ಣದಲ್ಲಿ ತೋರಿಸುತ್ತದಂತೆ; ಕ್ಯಾನ್ಸರ್ ಇರುವ ಗ್ರಂಥಿ ಹೆಚ್ಚು ಕುಡಿಯುತ್ತದಂತೆ. ಚಿತ್ರ ತೆಗೆಯುವುದು ನಾನು, ನೂರಾರು ಮೈಲಿ ದೂರದಲ್ಲಿ ಕೂತು ಅದನ್ನು ಓದುವುದು ನೀನು. ಹೊಗಳಿಕೆ ಯಾರಿಗೆ ಅಂತ ಹೇಳಬೇಕಾಗಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಿದ್ದರೆ ಇಷ್ಟರಲ್ಲಿ ಜಗಳವಾಗುತ್ತಿತ್ತು. ಕಳೆದ ವರ್ಷ ನಮ್ಮಿಬ್ಬರ ಕಿತ್ತಾಟ ಕೇಳಿ ಚಿಕ್ಕಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಇನ್ಮೇಲೆ ಇಬ್ರೂ ಕಾಗದ ಬರ್ಕೊಳ್ಳಿ. ಡಬ್ಬಿಗೆ ಹಾಕೋಕೆ ಚಪ್ಪಲಿ ಮೆಟ್ಕೊಂಡು ಬೀದಿ ಕೊನೆವರೆಗೂ ಹೋಗ್ಬೇಕಲ್ಲ, ಅಷ್ಟ್ರಲ್ಲಿ ಅರ್ಧ ಸಿಟ್ಟು ಇಳಿಯುತ್ತೆ" ಅಂದಳಲ್ಲ, ಸರಿಯಾಗೇ ಹೇಳಿದಳು. ಇನ್ನರ್ಧ ಇದರೊಳಗಿದೆ.

ನಿನ್ನ ಅಕ್ಕ

ಜನವರಿ 21

ಅಕ್ಕ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ನಗು ಬಂತು. ಕೈ ಎತ್ತಿ ನಿಂತವರನ್ನು ನೆನೆಸಿಕೊಂಡು.

ಈ ಅಧ್ಯಯನಕ್ಕೆ ನಿನ್ನ ಆಸ್ಪತ್ರೆಯನ್ನೇ ಕೇಳಿ ಹಾಕಿಸಿಕೊಂಡವಳು ನಾನು. ಯಾಕೆ ಅಂತ ನೀನು ಕೇಳಲಿಲ್ಲ, ಹಾಗಾಗಿ ನಾನೂ ಹೇಳುವುದಿಲ್ಲ. ಕೆಲಸದ ಮಾತು ಮಾತ್ರ ಬರೆಯುತ್ತೇನೆ. ಪ್ರತಿ ರೋಗಿಯ ಜೊತೆ ಕಳಿಸುವ ಹಾಳೆಯಲ್ಲಿ ಎಲ್ಲವನ್ನೂ ತುಂಬಬೇಕು: ಯಾವ ಕೈಗೆ ಸೂಜಿ, ಎಷ್ಟು ಸಲ ಚುಚ್ಚಿದಿರಿ, ಔಷಧ ನರದಿಂದಾಚೆ ಸೋರಿತೇ. ಗಡ್ಡೆ ಯಾವ ಕಡೆ ಇದೆಯೋ ಆ ಕಡೆಯ ಕೈಗೆ ಚುಚ್ಚಲೇಬೇಡಿ, ಎದುರು ಕೈಗೆ ಚುಚ್ಚಿ. ನಿನಗೆ ಇದು ಗೊತ್ತು, ನಿನ್ನ ಕೈಕೆಳಗಿನವರಿಗೆ ಹೇಳು. ನನಗೆ ಇಲ್ಲಿಂದ ಕಾಣುವುದು ಬರೀ ಚಿತ್ರ ಮತ್ತು ಆ ಹಾಳೆ.

ಚಿಕ್ಕಮ್ಮ ನನ್ನ ಪುರಾಣ ಹೇಳುತ್ತಾಳೆ ಅಂತ ಬರೆದಿದ್ದೀಯ. ನನಗೆ ಫೋನು ಮಾಡಿದಾಗ ಹೇಳುವುದು ಬೇರೆಯೇ. ಸಿಡುಕಿಗೆ ಮಂಡಿ ನೋವು, ಸಿಡುಕಿ ಊಟ ಅರ್ಧಕ್ಕೇ ಬಿಟ್ಟು ಕೆಲಸಕ್ಕೆ ಓಡಿದಳು, ಸಿಡುಕಿ ಕನ್ನಡಕ ಬದಲಿಸು ಅಂದರೆ ಕೇಳುವುದಿಲ್ಲ. ನಾನು ಹೇಗಿದ್ದೇನೆ ಅಂತ ಕೇಳುವ ಹೊತ್ತಿಗೆ ಯಾರೋ ಬಟ್ಟೆ ಕೊಡಲು ಬಂದಿರುತ್ತಾರೆ.

ತಂಗಿ

ಫೆಬ್ರವರಿ 16

ಪುಟ್ಟಿ,

ನಿನಗೆ ಚಿಕ್ಕಮ್ಮನೇ ಫೋನಿನಲ್ಲಿ ಹೇಳಿದ್ದಾಳೆ, ಆದರೂ ಬರೆಯುತ್ತೇನೆ. ಬಲ ಸ್ತನದಲ್ಲಿ ಗಡ್ಡೆ. ಸಣ್ಣದು. ಮೂರು ತಿಂಗಳಿಂದ ಗೊತ್ತಿತ್ತಂತೆ, ಕೈಯಲ್ಲಿ ಹಿಡಿದ ಬಟ್ಟೆಗಳೆಲ್ಲ ಮುಗಿಯಲಿ ಅಂತ ಬಾಯಿ ಬಿಟ್ಟಿರಲಿಲ್ಲ. ಅವಳ ಕೈಯಲ್ಲಿ ಯಾವಾಗ ಬಟ್ಟೆ ಮುಗಿದಿತ್ತು? ನಾನು ಒಂದೇ ಮನೆಯಲ್ಲಿದ್ದುಕೊಂಡು, ದಿನಕ್ಕೆ ಇಪ್ಪತ್ತು ಜನರ ಒಳಗೆ ಇಣುಕಿ ನೋಡುವವಳು, ನನಗೇ ಗೊತ್ತಾಗಲಿಲ್ಲ. ಸೂಜಿಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಖಚಿತವಾಯಿತು.

ಇಲ್ಲಿನ ಸರ್ಜನ್ ಚೆನ್ನಾಗಿ ಮಾತಾಡುತ್ತಾರೆ. ಕಂಕುಳಿನ ಗ್ರಂಥಿಗೆ ಹರಡದಿದ್ದರೆ ಗಡ್ಡೆ ತೆಗೆದು, ಮೊದಲ ಒಂದೆರಡು ಗ್ರಂಥಿ ಮಾತ್ರ ತೆಗೆದು ನೋಡಿದರೆ ಸಾಕು. ಹರಡಿದೆ ಅಂತಾದರೆ ಗ್ರಂಥಿಗಳನ್ನೆಲ್ಲ ತೆಗೆದು ಕಂಕುಳನ್ನೇ ಖಾಲಿ ಮಾಡಬೇಕು. ಆಮೇಲೆ ಆ ಕೈಗೆ ಜೀವಮಾನವಿಡೀ ಊತ ಬರಬಹುದು, ಭಾರ ತಳ್ಳುವ ಕೆಲಸ ಬೇಡ ಅಂದರು. ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಬಲಗೈಯೇನು ಸ್ವಾಮಿ?" ಹೌದು ಅಂದರು. ಅವಳು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತಳು.

ಹೊಸ ಯಂತ್ರದಲ್ಲಿ ನಿನ್ನೆ ಸ್ಕ್ಯಾನ್ ಆಯಿತು. ಎಡಗೈಗೆ ಸೂಜಿ. ಹಾಳೆ ಕಳಿಸಿದ್ದೇನೆ. ಸ್ವಂತದವರದ್ದನ್ನು ಸ್ವಂತದವರು ಓದಬಾರದು ಅಂತ ನಾನು ಹೇಳಿದೆ. "ಯಾರು ಓದಿದ್ರೂ ನಂಗೆ ಸಮಾಧಾನ ಇಲ್ಲ, ಪುಟ್ಟಿನೇ ನೋಡ್ಬೇಕು" ಅಂತ ಹಟ. ನಾನು ಪಕ್ಕದಲ್ಲೇ ನಿಂತಿದ್ದೆ.

ಬೇಗ ಓದು.

ಅಕ್ಕ

ಫೆಬ್ರವರಿ 24

ಅಕ್ಕ,

ವರದಿ ಕಳಿಸಿದ್ದೇನೆ, ನೋಡಿರುತ್ತೀಯ. ಬಲ ಕಂಕುಳಿನಲ್ಲಿ ಒಂದು ಗ್ರಂಥಿ. ಬರೀ ಆರು ಮಿಲಿಮೀಟರ್. ಆಕಾರ ಸರಿಯಾಗಿದೆ, ಅಂಚು ಸರಿಯಾಗಿದೆ. ಹಳೇ ಯಂತ್ರದಲ್ಲಿ ನಾನಷ್ಟೇ ಅಲ್ಲ, ಯಾರು ಓದಿದ್ದರೂ ದಾಟಿಹೋಗುತ್ತಿದ್ದರು. ಅಯೋಡಿನ್ ನಕ್ಷೆ ಹಾಕಿದ ಕೂಡಲೇ ಅದೊಂದೇ ಕಿತ್ತಳೆ ಬಣ್ಣದಲ್ಲಿ ಉರಿಯಿತು. ಹರಡಿರುವ ಸಾಧ್ಯತೆ ಹೆಚ್ಚು ಅಂತ ಬರೆದೆ.

ಬರೆದು ಎದ್ದುಹೋಗಿ ಬಚ್ಚಲಿನಲ್ಲಿ ಅತ್ತೆ. ಅದರ ಜೊತೆಗೆ ಇನ್ನೊಂದಿತ್ತು, ನಿನಗಲ್ಲದೆ ಯಾರಿಗೂ ಹೇಳಲಾರೆ: ಹೆಮ್ಮೆ. ನಾಲ್ಕು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ, ಗಾತ್ರವನ್ನು ನಂಬಬೇಡಿ ಅಂತ. ಅದಕ್ಕೆ ಸಾಕ್ಷಿ ಚಿಕ್ಕಮ್ಮನ ಮೈಯಲ್ಲೇ ಸಿಕ್ಕಿತು. ನನ್ನ ಪ್ರೊಫೆಸರು ಚಿತ್ರ ನೋಡಿ, ಮುಂದಿನ ತಿಂಗಳ ಸಮ್ಮೇಳನದಲ್ಲಿ ಹೆಸರಿಲ್ಲದೆ ಇದನ್ನೇ ಮೊದಲು ತೋರಿಸು ಅಂದರು.

ಶಸ್ತ್ರಚಿಕಿತ್ಸೆ ಮಾರ್ಚ್ ಹನ್ನೆರಡಕ್ಕೆ ಅಂತ ಸರ್ಜನ್ ಹೇಳಿದರು. ಬರುತ್ತೇನೆ. ಅವಳ ಕೈಯ ವಿಷಯ ಯೋಚಿಸಿದರೆ ಊಟ ಸೇರುವುದಿಲ್ಲ. ಆದರೆ ಕೈಗಿಂತ ಜೀವ ದೊಡ್ಡದು ಅಲ್ಲವೇ? ಹೌದು ಅಂತ ಒಂದು ಸಾಲು ಬರೆ.

ಪುಟ್ಟಿ

ಮಾರ್ಚ್ 2

ಪುಟ್ಟಿ,

ಅಭಿನಂದನೆ. ಆರು ಮಿಲಿಮೀಟರ್ ಅಂದರೆ ಸಾಮಾನ್ಯವೇ.

ಆ ಗ್ರಂಥಿಗೆ ಸೂಜಿ ಹಾಕಿ ನೋಡಿದರು. ಎರಡು ಸಲವೂ ರಕ್ತ ಮಾತ್ರ ಬಂತು, ಹೇಳುವಷ್ಟು ಏನೂ ಸಿಗಲಿಲ್ಲ ಅಂತ ಲ್ಯಾಬಿನವರು ವಾಪಸ್ ಕಳಿಸಿದರು. ಇಷ್ಟು ಸ್ಪಷ್ಟ ಚಿತ್ರ ಇರುವಾಗ ಕಾಯುವುದು ಬೇಡ, ಖಾಲಿ ಮಾಡಿಬಿಡೋಣ ಅಂತ ಸರ್ಜನ್ ತೀರ್ಮಾನಿಸಿದ್ದಾರೆ. ನಿನ್ನ ಮಾತಿಗೆ ಅಷ್ಟು ಬೆಲೆ.

ಚಿಕ್ಕಮ್ಮನಿಗೆ ಹೆದರಿಕೆ ಇದೆ, ಆದರೆ ಬಾಯಲ್ಲಿ ನಿನ್ನ ಗುಣಗಾನ. "ಯಾರಿಗೂ ಕಾಣ್ದಿದ್ದು ನನ್ನ ಪುಟ್ಟಿಗೆ ಕಾಣ್ತು ನೋಡಿ" ಅಂತ ಗುಂಡಿ ಮಾರುವವನಿಗೂ ಹೇಳಿದ್ದಾಳೆ. ಎಡಗೈಯಲ್ಲಿ ಕತ್ತರಿ ಹಿಡಿಯಲು ಅಭ್ಯಾಸ ಮಾಡುತ್ತಿದ್ದಾಳೆ. ಒಂದು ಕಾಲರು ಹಾಳಾಯಿತು.

ನೀನು ಕೇಳಿದ ಸಾಲು ನನಗೆ ಬರೆಯಲು ಬರುತ್ತಿಲ್ಲ.

ಅಕ್ಕ

ಮಾರ್ಚ್ 9

ಪುಟ್ಟಿ,

ಈ ಕಾಗದ ತಲುಪುವ ಮೊದಲೇ ನಿನಗೆ ಸರ್ಜನ್ ಹೇಳಿರುತ್ತಾರೆ. ಬೆಳಿಗ್ಗೆ ಎಂಟಕ್ಕೆ ಅವರ ಕೋಣೆಯ ಮುಂದೆ ನಿಂತು, ಅವರು ಬಂದ ಕೂಡಲೇ ಎಲ್ಲ ಹೇಳಿದೆ. ಹನ್ನೆರಡರ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿದೆ. ಅವರಿಗೆ ಹೇಳಿದ್ದು ಐದು ನಿಮಿಷದ ಮಾತು. ನಿನಗೆ ಹೇಳಬೇಕಾದದ್ದು ಅದಕ್ಕಿಂತ ಜಾಸ್ತಿ.

ಸ್ಕ್ಯಾನಿನ ದಿನ ಚಿಕ್ಕಮ್ಮನ ಎಡಗೈಗೆ ಎರಡು ಸಲ ಚುಚ್ಚಿದೆ. ನರ ಎರಡು ಸಲವೂ ಜಾರಿತು. ವಾರ್ಡಿನಿಂದ ಯಾರನ್ನಾದರೂ ಕರೆಯಬಹುದಿತ್ತು. ಆಗ ಅವಳು ನಗುತ್ತಾ, "ಪುಟ್ಟಿ ಇದ್ದಿದ್ರೆ ಒಂದೇ ಸಲಕ್ಕೆ ನರ ಹಿಡೀತಿದ್ಳು ಕಣೇ" ಅಂದಳು. ಪುಟ್ಟಿ, ನೀನು ಸೂಜಿ ಹಿಡಿದು ಎಷ್ಟು ವರ್ಷವಾಯಿತು? ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಅವಳ ಬಲ ಮುಂಗೈಯಲ್ಲಿ ನರ ಉಬ್ಬಿ ನಿಂತಿತ್ತು, ನಲವತ್ತು ವರ್ಷ ಬಟ್ಟೆ ತಳ್ಳಿದ ಕೈ. ಬಲಗೈಗೆ ಚುಚ್ಚಬಾರದು ಅಂತ ಗೊತ್ತಿದ್ದೂ ಚುಚ್ಚಿದೆ. ಔಷಧ ಹೋಗಲು ಶುರುವಾದದ್ದೇ, "ಉರಿಯುತ್ತೆ, ಉರಿಯುತ್ತೆ" ಅಂದಳು. ನಿಲ್ಲಿಸುವಷ್ಟರಲ್ಲಿ ನಿಂಬೆಹಣ್ಣಿನಷ್ಟು ಊದಿತ್ತು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಸಲವೂ ಹೀಗೆ ಸೋರಿರಲಿಲ್ಲ. ಅರ್ಧ ಗಂಟೆ ಅವಳ ತೋಳನ್ನು ಮೇಲಕ್ಕೆ ನೀವುತ್ತಾ ಕೂತೆ. ಆಮೇಲೆ ಎಡಗೈಯ ಹಿಂಬದಿಗೆ ಸಣ್ಣ ಸೂಜಿ ಹಾಕಿ ಸ್ಕ್ಯಾನ್ ಮುಗಿಸಿದೆ. ಹಾಳೆಯಲ್ಲಿ ಎಡಗೈ ಅಂತ ಬರೆದೆ. ಸೋರಿಕೆಯ ಜಾಗದಲ್ಲಿ ಇಲ್ಲ ಅಂತ ಗೆರೆ ಎಳೆದೆ. ಕೈ ಎರಡೂ ತಲೆಯ ಮೇಲೆ ಎತ್ತಿಸಿರುತ್ತೇವಲ್ಲ, ಮುಂಗೈ ಚಿತ್ರದಲ್ಲಿ ಬೀಳುವುದೇ ಇಲ್ಲ. ನಿನಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಆ ಹೊತ್ತಿಗೆ ನನಗೂ ಬೇರೇನೂ ಹೊಳೆದಿರಲಿಲ್ಲ, ಬರೀ ಮರ್ಯಾದೆಯ ಚಿಂತೆ. ನಿನ್ನ ವರದಿ ಬಂದ ಮೇಲೆ ಫೆಬ್ರವರಿ ಇಪ್ಪತ್ತಾರರಂದು ಪರದೆಯ ಮೇಲೆ ಆ ಕಿತ್ತಳೆ ಚುಕ್ಕಿ ನೋಡಿದೆ. ಮುಂಗೈಯಲ್ಲಿ ಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆ? ಕೈಯಿಂದ ಹರಿದದ್ದೆಲ್ಲ ಹೋಗಿ ನಿಲ್ಲುವುದು ಕಂಕುಳಿನ ಗ್ರಂಥಿಯಲ್ಲೇ. ನೀವಿ ನೀವಿ ನಾನೇ ಮೇಲಕ್ಕೆ ಕಳಿಸಿದ್ದೆ. ನೀನು ಕಂಡದ್ದು ಕ್ಯಾನ್ಸರ್ ಆಗಿರಲಿಕ್ಕಿಲ್ಲ, ನಾನು ಚೆಲ್ಲಿದ ಔಷಧ ಇರಬಹುದು.

ಅವತ್ತೇ ಹೇಳಬೇಕಿತ್ತು. ಹನ್ನೊಂದು ದಿನ ಹೇಳಲಿಲ್ಲ. ಮರ್ಯಾದೆಗೆ ಹೆದರಿ ಅಂತ ಬರೆದರೆ ನೀನು ನಂಬುತ್ತೀಯ, ಆದರೆ ಅದು ಪೂರ್ತಿ ನಿಜವಲ್ಲ. ನೀನು ತಪ್ಪು ಮಾಡಿದ್ದೀಯ ಅಂತ ಗೊತ್ತಿದ್ದವಳು ನಾನೊಬ್ಬಳೇ. ಸೂಪರಿಂಟೆಂಡೆಂಟರು ನಿನ್ನನ್ನು ಹೊಗಳಿದರೆ ಒಳಗೊಳಗೇ ನಗುತ್ತಿದ್ದೆ. ಚಿಕ್ಕಮ್ಮ "ಯಾರಿಗೂ ಕಾಣ್ದಿದ್ದು" ಅಂದರೆ, ಹೌದು ಹೌದು ಅನ್ನುತ್ತಿದ್ದೆ. ಮಿಠಾಯಿಯನ್ನು ದವಡೆಯಲ್ಲಿಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದೆ ನಿನ್ನ ತಪ್ಪನ್ನು. ಸಮ್ಮೇಳನದಲ್ಲಿ ನೀನು ಅದನ್ನು ಎಲ್ಲರಿಗೂ ತೋರಿಸಲಿ, ಆಮೇಲೆ ಗೊತ್ತಾಗಲಿ ಅಂತಲೂ ಒಂದು ದಿನ ಅನ್ನಿಸಿತು. ಇಷ್ಟು ಹೊಟ್ಟೆಕಿಚ್ಚು ನನ್ನೊಳಗಿದೆ ಅಂತ ನನಗೇ ಗೊತ್ತಿರಲಿಲ್ಲ. ಅವಳ ಕೈ ಹೋಗುತ್ತದೆ ಅನ್ನುವುದು ನೆನಪಿದ್ದೂ ನೆನಪಿರದ ಹಾಗೆ ಇದ್ದೆ. ನಾಳೆ ಹೇಳಿದರಾಯಿತು, ಇನ್ನೂ ದಿನ ಇದೆ, ಅಂತ.

ನಿನ್ನೆ ಕೆಲಸ ಮುಗಿಸಿ ಅಂಗಡಿಗೆ ಹೋದೆ. ಅವಳು ತನ್ನ ಅಂಗಿಗಳನ್ನೆಲ್ಲ ರಾಶಿ ಹಾಕಿಕೊಂಡು ಕೂತಿದ್ದಳು. ಒಂದೊಂದರದ್ದೂ ಬಲತೋಳಿನ ಹೊಲಿಗೆ ಬಿಚ್ಚಿ, ಎರಡೆರಡು ಇಂಚು ಬಟ್ಟೆ ಸೇರಿಸುತ್ತಿದ್ದಳು. "ಏನಿದು?" ಅಂದೆ. "ಕೈ ಊದ್ಕೊಂಡ್ಮೇಲೆ ಈ ಹೊಲಿಗೆ ಯಾರು ಹಾಕ್ತಾರೆ? ಕೈ ಇರೋವಾಗ್ಲೇ ಹಾಕ್ಕೊಂಡ್ರೆ ಒಳ್ಳೇದಲ್ವಾ" ಅಂದಳು. ಆಮೇಲೆ ಟೇಪು ನನ್ನ ಕೈಗೆ ಕೊಟ್ಟು, "ತೋಳಿನ ಸುತ್ತಳತೆ ಹಿಡಿಯೇ, ಈಗ ಎಷ್ಟಿದೆ ಅಂತ ಬರ್ದಿಟ್ಕೊಳ್ಳೋಣ" ಅಂದಳು. ಹಿಡಿದೆ. ಮುಂಗೈಯಲ್ಲಿ ನಾನು ಚುಚ್ಚಿದ ಕಡೆ ಹಳದಿಗಟ್ಟಿದ ಕಲೆ ಇನ್ನೂ ಇತ್ತು. ಇಬ್ಬರೂ ಅದನ್ನು ನೋಡಿದೆವು. ಅವಳು ಟೇಪು ವಾಪಸ್ ಇಸಿದುಕೊಂಡು ಅಳತೆ ಬರೆದಿಟ್ಟಳು.

ಹಾಳೆಯನ್ನು ಇವತ್ತಿನ ತಾರೀಖು ಹಾಕಿ ತಿದ್ದಿದ್ದೇನೆ. ಮೇಲಿನವರಿಗೂ ಬರೆದುಕೊಟ್ಟಿದ್ದೇನೆ. ಒಂದು ತಿಂಗಳು ಯಂತ್ರ ಮುಟ್ಟಬೇಡಿ ಅಂದಿದ್ದಾರೆ, ಆಮೇಲೆ ವಿಚಾರಣೆ. ಹದಿನೇಳನೇ ತಾರೀಖು ಅವಳಿಗೆ ಇನ್ನೊಂದು ಸ್ಕ್ಯಾನ್. ಬೇರೆಯವರು ಚುಚ್ಚುತ್ತಾರೆ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ, ಉಳಿದವರ ಮನೆಯವರ ಜೊತೆ.

ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ. ಯಂತ್ರದ ತಪ್ಪು ಅಂತ ಸರ್ಜನ್ ಅವಳಿಗೆ ಹೇಳಿದ್ದಾರೆ. ನಿಜವನ್ನು ನಾನೇ ಹೇಳಬೇಕು. ನಿನ್ನ ಉತ್ತರಕ್ಕೆ ಕಾಯುವ ಹಕ್ಕು ನನಗಿಲ್ಲ, ಆದರೂ ಕಾಯುತ್ತೇನೆ.

ಅಕ್ಕ

ಏಪ್ರಿಲ್ 6

ಅಕ್ಕ,

ಶಸ್ತ್ರಚಿಕಿತ್ಸೆಗೆ ಬಂದು ಐದು ದಿನ ಅಲ್ಲೇ ಇದ್ದರೂ ನಿನ್ನ ಜೊತೆ ಒಂದು ಮಾತೂ ಆಡಲಿಲ್ಲ. ನೀನು ತಟ್ಟೆ ಇಟ್ಟೆ, ನಾನು ಊಟ ಮಾಡಿದೆ. ಬಾಯಿ ತೆರೆದಿದ್ದರೆ ಕೂಗಾಡುತ್ತಿದ್ದೆ, ಪಕ್ಕದ ಕೋಣೆಯಲ್ಲಿ ಅವಳು ಮಲಗಿದ್ದಳು. ಈಗ ಕೂಗುತ್ತೇನೆ: ಹನ್ನೊಂದು ದಿನ, ಅಕ್ಕ! ಸೋರಿದ್ದನ್ನು ಕ್ಷಮಿಸಬಲ್ಲೆ, ಯಾರ ಕೈಯಲ್ಲೂ ಸೋರುತ್ತದೆ. ಬರೆಯದೇ ಇದ್ದದ್ದನ್ನೂ ಕ್ಷಮಿಸಬಹುದೇನೋ. ಆ ಹನ್ನೊಂದು ದಿನ ನನ್ನಿಂದ ಆಗುವುದಿಲ್ಲ. ಇನ್ನೊಂದು ಮೂರು ದಿನ ನೀನು ಸುಮ್ಮನಿದ್ದಿದ್ದರೆ, ನನ್ನ ಸಹಿ ಇರುವ ಕಾಗದ ನೋಡಿಕೊಂಡು ಅವಳ ಕಂಕುಳನ್ನು ಖಾಲಿ ಮಾಡುತ್ತಿದ್ದರು.

ಫಲಿತಾಂಶ ಕೊನೆಗೂ ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಎರಡನೇ ಸ್ಕ್ಯಾನಿನಲ್ಲಿ ಆ ಗ್ರಂಥಿ ತಣ್ಣಗೆ ಕಪ್ಪಾಗಿತ್ತು ಅಂತ ನಿನಗೆ ಗೊತ್ತು. ತೆಗೆದ ಎರಡು ಗ್ರಂಥಿಗಳಲ್ಲೂ ಕ್ಯಾನ್ಸರ್ ಇಲ್ಲ. ಗಡ್ಡೆ ಪೂರ್ತಿ ತೆಗೆದಾಗಿದೆ. ಕೈ ಉಳಿಯಿತು.

ಸಮ್ಮೇಳನದಲ್ಲಿ ಆ ಚಿತ್ರವನ್ನು ನಾನು ತೆಗೆದುಹಾಕಲಿಲ್ಲ. ಮೊದಲು ತೋರಿಸಿದೆ, ಇದನ್ನು ನೋಡಿ ಕ್ಯಾನ್ಸರ್ ಹರಡಿದೆ ಅಂತ ಬರೆದದ್ದು ನಾನು, ಸೋರಿದ ಔಷಧ ಇದು, ಅಂದೆ. ಅದರ ಅಯೋಡಿನ್ ಅಳತೆ ನಾನು ಅಲ್ಲಿಯವರೆಗೆ ನೋಡಿದ ಯಾವ ಕ್ಯಾನ್ಸರ್ ಗ್ರಂಥಿಗಿಂತಲೂ ಹೆಚ್ಚಿತ್ತು. ಇಷ್ಟು ಹೆಚ್ಚು ಯಾಕೆ ಅಂತ ಒಂದು ಫೋನು ಮಾಡಿ ಕೇಳಬೇಕಿತ್ತು. ಹೆಮ್ಮೆ ಬಿಡಲಿಲ್ಲ. ಅದು ನನ್ನ ಪಾಲಿನದು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಇನ್ನೊಂದು ವಿಷಯ ಹೇಳದೇ ಇರಲಾರೆ. ಆಸ್ಪತ್ರೆಯಲ್ಲಿ ಅವಳ ಫೈಲು ಓದಿದೆ. ಫೆಬ್ರವರಿ ಇಪ್ಪತ್ತೆಂಟರಂದು ಸರ್ಜನ್ ಬರೆದ ಒಂದು ಸಾಲು: ಬಲ ಮುಂಗೈಯಲ್ಲಿ ಊತ, ಕಲೆ, ಹೊಲಿಗೆ ಯಂತ್ರದ ಮುಚ್ಚಳ ಬಿದ್ದದ್ದು ಎಂದು ರೋಗಿ ಹೇಳುತ್ತಾರೆ.

ನೀನು ಬಟ್ಟಲು ತೊಳೆಯಲು ಹೋದಾಗ ಅವಳನ್ನೇ ಕೇಳಿದೆ. ಮೊದಲು ಮುಚ್ಚಳ ಅಂತಲೇ ಸಾಧಿಸಿದಳು. ಗದರಿದ ಮೇಲೆ ಬಾಯಿ ಬಿಟ್ಟಳು. ಅಕ್ಕ, ಅವಳಿಗೆ ಮೊದಲಿನಿಂದಲೂ ಅನುಮಾನ ಇತ್ತು. ವರದಿ ಕಳಿಸಿದ ದಿನ ನನಗೆ ಫೋನು ಮಾಡಿ, "ಔಷಧಿ ಆಚೀಚೆ ಚೆಲ್ಲಿದ್ರೂ ಹಿಂಗೇ ಹೊಳೆಯುತ್ತೇನೇ?" ಅಂತ ಕೇಳಿದ್ದಳು. ನಾನು ನಕ್ಕು, "ಅಕ್ಕನ ಕೈಯಲ್ಲಿ ಯಾಕೆ ಚೆಲ್ಲುತ್ತೆ ಚಿಕ್ಕಮ್ಮ" ಅಂದಿದ್ದೆ. "ಅದೂ ಸರಿ" ಅಂದು ಫೋನು ಇಟ್ಟಿದ್ದಳು. ಅಷ್ಟು ಅನುಮಾನ ಇದ್ದೂ ಸರ್ಜನ್ ಮುಂದೆ ಮುಚ್ಚಳದ ಕಥೆ ಕಟ್ಟಿದಳು. ಅಂಗಿಯ ತೋಳು ಬಿಚ್ಚಿಕೊಂಡು ಕೂತಳು.

"ಯಾಕೆ ಚಿಕ್ಕಮ್ಮ? ಕೈ ಹೋಗ್ತಿತ್ತಲ್ಲ" ಅಂದೆ.

"ಸಿಡುಕಿಗೆ ಇರೋದು ಅದೊಂದೇ ಹೆಸ್ರು ಕಣೇ, ಅವಳ ಕೈಯಲ್ಲಿ ತಪ್ಪಾಗಲ್ಲ ಅಂತ. ನನಗಾದ್ರೆ ಎರಡು ಕೈ ಇದೆ" ಅಂದಳು. ಆಮೇಲೆ, "ಅವಳಿಗೆ ಹೇಳಬೇಡ, ನೊಂದ್ಕೋತಾಳೆ" ಅಂದಳು. ಹೇಳುತ್ತಿದ್ದೇನೆ. ನೊಂದುಕೋ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ನನ್ನ ಈ ನಲವತ್ತೊಂದು ವರ್ಷದಲ್ಲಿ ಅವಳು ನನ್ನ ಬಗ್ಗೆ ಊರಿಗೆಲ್ಲ ಸಾರಿದ್ದಾಳೆ. ನನ್ನನ್ನು ಕಾಪಾಡಲು ಒಂದು ಸುಳ್ಳು ಹೇಳಿದ್ದು ಮಾತ್ರ ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ. ನೀನು ಬರೆದ ಹೊಟ್ಟೆಕಿಚ್ಚು ಹೇಗಿರುತ್ತದೆ ಅಂತ ನನಗೆ ಈಗ ಗೊತ್ತಾಯಿತು, ಅಕ್ಕ. ನಿನ್ನ ಮೇಲೆ.

ತಂಗಿ